ಫಾದರ್ ಟಿಮ್ಲಿನ್ ಅವರ ಟೋಪಿ ಮತ್ತು ಫೆಸ್ಟಿಯ ಬಾಟಲಿ

ಟೋಪಿಯಿಂದ ಸಿನಿಮಾ ಮುಚ್ಚುವುದಕ್ಕಾಗುತ್ತದೆಯೇ ಎಂದು ಹಲ್ಲು ಕಿರಿಯಬೇಡ. ಆಗುತ್ತದೆ. ಗೋಡೆಯಗಲದ ಪರದೆ ಎಲ್ಲಿ, ತಲೆಯಗಲದ ಟೋಪಿ ಎಲ್ಲಿ ಎಂದು ಅಳೆಯುತ್ತಾ ಕೂತರೆ ನಿನಗೆ ಈ ಜನ್ಮದಲ್ಲಿ ಅರ್ಥವಾಗುವುದಿಲ್ಲ. ಟೋಪಿ ಹಿಡಿಯುವುದು ಪರದೆಗಲ್ಲ ಮಾರಾಯ, ಮಷೀನಿನ ಮೂತಿಗೆ. ಬೆಳಕು ಹೊರಡುವ ಜಾಗದಲ್ಲೇ ಅಡ್ಡ ಹಿಡಿದರೆ ಟೋಪಿಯೇನು, ಒಂದು ದಪ್ಪ ಆಲೂಗೆಡ್ಡೆಯೂ ಸಾಕು. ನಮ್ಮ ಡೂನ್‌ಬ್ರಾನಿನ ಚರ್ಚಿನ ಹಾಲಿನಲ್ಲಿ ಸಿನಿಮಾ ಬಂದಾಗಲೆಲ್ಲ ಫಾದರ್ ಟಿಮ್ಲಿನ್ ಮಷೀನಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಪರದೆಯ ಮೇಲೆ ಒಂದು ಗಂಡು, ಒಂದು ಹೆಣ್ಣು ಕೊಂಚ ಹತ್ತಿರ ಬಂದರೋ, ಫಾದರ್ ಕಣ್ಣು ಮುಚ್ಚಿಕೊಂಡು ತಮ್ಮ ಕರಿ ಟೋಪಿ ತೆಗೆದು ಮೂತಿಗೆ ಹಿಡಿದುಬಿಡುತ್ತಿದ್ದರು. ಹಾಲೆಲ್ಲ ಕತ್ತಲು. ಸದ್ದು ಮಾತ್ರ ಕೇಳುತ್ತಿತ್ತು. ಅಮೆರಿಕದವರ ಅಷ್ಟೂ ಮುತ್ತುಗಳು ಆ ಟೋಪಿಯೊಳಗೇ ಸಿಕ್ಕಿಕೊಂಡಿದ್ದವು. ಅದನ್ನು ಹಾಕಿಕೊಂಡು ಹೆಣ ಹೂಳಲು ಹೋದಾಗ ಫಾದರ್ ಕಿವಿ ಕೆಂಪಗಾಗುತ್ತಿತ್ತು.

ಇದನ್ನು ನಂಬದಿದ್ದರೆ ಬಿಡು. ಆದರೆ ಹೆಂಡ ಮುಟ್ಟದ, ಹೆಣ್ಣು ಎದುರಿಗೆ ಬಂದರೆ ಬೂಟಿನ ಲಾಡಿ ಕಟ್ಟಲು ಬಗ್ಗುತ್ತಿದ್ದ ಫೆಸ್ಟಿ ಲವೆಲ್‌ನ ಮಾನ ಅದೇ ಟೋಪಿಯಿಂದ ಹೋಗುವುದರಲ್ಲಿತ್ತು ಎನ್ನುವುದನ್ನಂತೂ ನಂಬಲೇಬೇಕು.

ಫೆಸ್ಟಿ ಹುಟ್ಟಿದ್ದು ನಮ್ಮ ಐರ್ಲೆಂಡಿನ ಪಡುವಣ ತುದಿಯ ಈ ಕೊಲ್ಲಿಯ ಅಂಚಿನ ಕೊನೆಯ ಮನೆಯಲ್ಲಿ. ಅದರಾಚೆ ಇರುವುದು ಅಮೆರಿಕವೇ. ಅಲ್ಲಿಯ ಗಾಳಿ ಎಂಥದೆಂದರೆ, ಲವೆಲ್ಲರ ನಾಯಿ ಇಲ್ಲಿ ಬೊಗಳಿದರೆ ಸದ್ದು ಹಾರಿಹೋಗಿ ಬೆಟ್ಟದಾಚೆಯ ಊರಿನವರು ಎದ್ದು ಕಳ್ಳನನ್ನು ಹುಡುಕುತ್ತಿದ್ದರು. ಫೆಸ್ಟಿಯ ಅಪ್ಪ ಒಳ್ಳೆಯವನೇ, ಬಾಟಲಿ ಕಾಣುವತನಕ. ಒಂದು ನವೆಂಬರಿನಲ್ಲಿ ಸಂತೆಗೆ ಕುರಿ ಹೊಡೆದುಕೊಂಡು ಹೋದವನು ವಾಪಸು ಬರುವಾಗ ಜೌಗಿನ ಕಾಲುವೆಗೆ ಬಿದ್ದ. ಬೆಳಿಗ್ಗೆ ಜನ ಎತ್ತಿಕೊಂಡು ಬಂದರು. ಮಣ್ಣು ಮಾಡಿ ಬಂದ ದಿನವೇ ತಾಯಿ ಸಬೀನಾ ಮಗನನ್ನು ಒಲೆಯ ಮುಂದೆ ನಿಲ್ಲಿಸಿ, ಮದ್ಯ ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದಳು. ಆಣೆ ಮಾಡಿದವರು ಕೋಟಿನ ಎದೆಗೆ ಚುಚ್ಚಿಕೊಳ್ಳುವ ಪಿನ್ನೊಂದಿರುತ್ತದಲ್ಲ, ಏಸುವಿನ ಹೃದಯದ ಗುರುತಿನದು, ಅದನ್ನು ತನ್ನ ಕೈಯಿಂದಲೇ ಚುಚ್ಚಿದಳು. ಗಂಡ ಬಿಟ್ಟುಹೋದ ಬಾಟಲಿಗಳನ್ನು ಒಡೆಯಲಿಲ್ಲ. ಬಿಸಿನೀರಲ್ಲಿ ತೊಳೆದು, ಬಾಯಿಗೆ ರಬ್ಬರಿನ ತೊಟ್ಟು ಸಿಕ್ಕಿಸಿ, ತಾಯಿ ಸತ್ತ ಕುರಿಮರಿಗಳಿಗೆ ಹಾಲು ಕುಡಿಸಲು ಇಟ್ಟುಕೊಂಡಳು. ಆ ಕೆಲಸ ಫೆಸ್ಟಿಯದು. ಹೀಗಾಗಿ ಬೇರೆ ಗಂಡಸರಿಗೆ ಬಾಟಲಿ ಎಂದರೆ ಏನು ನೆನಪಾಗುತ್ತದೋ, ಫೆಸ್ಟಿಗೆ ನೆನಪಾಗುತ್ತಿದ್ದದ್ದು ಮೇ ಎನ್ನುವ ಒಂದು ಮೂತಿ.

ಮೀಸೆ ಮೂಡುವ ಹೊತ್ತಿಗೆ ಎಲ್ಲರ ಹಾಗೆ ಅವನೂ ಲಂಡನ್ನಿಗೆ ಹೋದ. ಹೋಗದೆ ಇನ್ನೇನು ಮಾಡುತ್ತಾನೆ? ಆ ಕಾಲದಲ್ಲಿ ನಮ್ಮೂರಿಗೆ ಬರುತ್ತಿದ್ದ ಬಸ್ಸಿಗೆ ಬರುವಾಗ ಕೆಲಸವೇ ಇರಲಿಲ್ಲ, ಕರೆದುಕೊಂಡು ಹೋಗುವಾಗ ಮಾತ್ರ ಕೆಲಸ. ಲಂಡನ್ನಿನ ಅರ್ಧ ನೆಲ ತೋಡಿದವರು ನಮ್ಮವರು, ತೋಡಿದ ಮಣ್ಣು ಎತ್ತಿಹಾಕಿದ ಉಳಿದರ್ಧದ ಮೇಲೆ ಮಲಗಿದವರೂ ನಮ್ಮವರೇ. ಹಗಲು ಪಾಳಿಯವನು ಎದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಮಲಗುತ್ತಿದ್ದ. ಫೆಸ್ಟಿ ಊರಿಗೆ ಬಂದಾಗ, "ಅಲ್ಲಿ ಹಾಸಿಗೆ ಯಾವಾಗ್ಲೂ ಬೆಚ್ಚಗಿರುತ್ತಮ್ಮ" ಎಂದಷ್ಟೇ ತಾಯಿಗೆ ಹೇಳಿದ್ದ. ಸುಳ್ಳೇನಲ್ಲ.

ಕೆಲಸ ಸಿಗುವ ಬಗೆ ಹೀಗೆ. ಬೆಳಗಿನ ಜಾವ ಲಂಡನ್ನಿನ ಕ್ಯಾಮ್ಡೆನ್ ಟೌನಿನಲ್ಲಿ ಒಂದು ಗೋಡೆಗೆ ಸಾಲಾಗಿ ನಿಲ್ಲಬೇಕು. ವ್ಯಾನು ಬರುತ್ತದೆ. ಮೇಸ್ತ್ರಿ ಇಳಿದು ಬೆರಳು ತೋರಿಸುತ್ತಾನೆ: ನೀನು, ನೀನು, ನೀನಲ್ಲ. ಬೆರಳು ಬಿದ್ದವನಿಗೆ ಆ ದಿನದ ಅನ್ನ. ಮೇಸ್ತ್ರಿ ಇಂಗ್ಲೆಂಡಿನವನೇ ಆಗಿರಬೇಕೆಂದುಕೊಂಡೆಯಾ? ನಮ್ಮ ಬೆಟ್ಟದಾಚೆಯ ಊರಿನವನು ಕಣಯ್ಯ. ಶುಕ್ರವಾರ ಸಂಬಳ ಬಟವಾಡೆ ಮಾಡುತ್ತಿದ್ದದ್ದು ಪಬ್ಬಿನಲ್ಲಿ. ಅಲ್ಲಿ ಮೇಸ್ತ್ರಿಗೆ ಒಂದು ಗ್ಲಾಸು ಕುಡಿಸಿ, ತಾನೂ ಜೊತೆಗೆ ಕುಡಿದವನ ಮೇಲೆ ಸೋಮವಾರ ಬೆರಳು ಬೀಳುತ್ತಿತ್ತು. ಫೆಸ್ಟಿ ಕುಡಿಸಲು ತಯಾರಿದ್ದ, ಆದರೆ ತಾನು ನಿಂಬೆ ಪಾನಕ ಹಿಡಿದು ಕೂರುತ್ತಿದ್ದ. ಪಾನಕದವನನ್ನು ಮೇಸ್ತ್ರಿ ನಂಬುತ್ತಿರಲಿಲ್ಲ. "ಎದೆ ಮೇಲೆ ಪಾದ್ರಿ ಕೂರಿಸ್ಕೊಂಡು ಗುದ್ದಲಿ ಹಿಡೀತಾನೆ" ಎಂದು ಆಡಿಕೊಳ್ಳುತ್ತಿದ್ದ. ಹಾಗಾಗಿ ಎಷ್ಟೋ ಸೋಮವಾರ ಆ ಬೆರಳು ಫೆಸ್ಟಿಯ ತನಕ ಬಂದು, ನೊಣ ಓಡಿಸಿದ ಹಾಗೆ ಮುಂದಕ್ಕೆ ಹೋಗುತ್ತಿತ್ತು. ಇದನ್ನೂ ಅವನು ತಾಯಿಗೆ ಬರೆದವನಲ್ಲ.

ಅಂಥದೇ ಒಂದು ಸೋಮವಾರ ಸಿನಿಮಾದವರು ಬಂದರು. ಐರ್ಲೆಂಡಿನಿಂದ ಬಂದವರ ಕಷ್ಟದ ಸಿನಿಮಾವಂತೆ. ವ್ಯಾನು ಫೆಸ್ಟಿಯನ್ನು ಬಿಟ್ಟು ಹೋಗಿದ್ದನ್ನು ನೋಡಿದ ಡೈರೆಕ್ಟರು ಹತ್ತಿರ ಬಂದು, "ಏನಪ್ಪಾ, ಈಗ ನಿನ್ನನ್ನ ಬಿಟ್ಟು ಹೋದ್ರಲ್ಲ, ಅದನ್ನೇ ಇನ್ನೊಂದು ಸಲ ಮಾಡ್ತೀಯಾ?" ಎಂದು ಕೇಳಿದ.

"ಕಾಸು ಕೊಟ್ರೆ ದಿನಾ ಮಾಡ್ತೀನಿ ಸಾರ್. ಇಷ್ಟು ದಿನ ಬಿಟ್ಟಿ ಮಾಡ್ತಿದ್ದೆ."

ಅಂದು ಚಿನ್ನದಂಥ ಬಿಸಿಲು. ಆದರೆ ಸಿನಿಮಾದಲ್ಲಿ ನಮ್ಮವರು ಕಷ್ಟಪಡಬೇಕಾದರೆ ಮಳೆ ಬೇಕೇ ಬೇಕು. ಪೈಪು ಹಿಡಿದು ಗೋಡೆಗೂ ಜನರಿಗೂ ನೀರು ಹೊಡೆದರು. ರಸ್ತೆಯ ಆಚೆ ಬದಿಯಲ್ಲಿ ಇಂಗ್ಲೆಂಡಿನವರು ಒಣಗಿದ ಕೋಟು ಹಾಕಿಕೊಂಡು ನಿಂತು ನೋಡುತ್ತಿದ್ದರು. ಮೇಸ್ತ್ರಿಯನ್ನೇ ಕರೆಸಿ ಮೇಸ್ತ್ರಿಯ ಪಾತ್ರ ಕೊಟ್ಟರು. ಅವನಿಗೆ ನಟಿಸುವ ಅಗತ್ಯವೇ ಬೀಳಲಿಲ್ಲ. ಬೆರಳು ಫೆಸ್ಟಿಯನ್ನು ದಾಟಿತು, ಫೆಸ್ಟಿ ತಿರುಗಿ ನಡೆದ. ಡೈರೆಕ್ಟರು ತಲೆ ಕೆರೆದುಕೊಂಡ.

"ತುಂಬಾ ಮರ್ಯಾದಸ್ಥನ ಥರ ಕಾಣ್ತಾನೆ. ಕೈಗೊಂದು ಬಾಟಲಿ ಕೊಡ್ರೋ."

"ನಾನು ಕುಡಿಯಲ್ಲ ಸಾರ್."

"ಯಾರು ಕುಡಿ ಅಂದ್ರು? ಒಳಗಿರೋದು ಆರಿದ ಟೀ. ಸುಮ್ನೆ ಬಾಗಿಲ ಹತ್ರ ನಿಂತ್ಕೊಂಡು ಬಗ್ಗಿಸಿ ಹಿಡ್ಕೋ. ಮತ್ತೆ ಆ ಪಿನ್ನು ತೆಗಿ, ಬೆಳಕಿಗೆ ಮಿಂಚುತ್ತೆ."

ಫೆಸ್ಟಿ ಪಿನ್ನನ್ನು ಬಿಚ್ಚಿ ಕೋಟಿನ ಒಳಮೈಗೆ ಚುಚ್ಚಿಕೊಂಡ. ದೇವರ ಕಣ್ಣಿಗೆ ಬಟ್ಟೆ ಅಡ್ಡವಾಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡ. ಡೂನ್‌ಬ್ರಾನಿನ ಕಣ್ಣಿಗೆ ಇದೆಲ್ಲ ಬೀಳುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಹುಲ್ಲು ಕೊಯ್ಯಲು ಊರಿಗೆ ಬಂದ. ಬಂದ ವಾರದಲ್ಲೇ ಮಾನಸ್ ಕ್ಯಾಫರ್ಕಿಯ ವ್ಯಾನೂ ಬಂತು. ಮಾನಸ್ ಎಂದರೆ ಊರೂರಿಗೆ ಮಷೀನು, ರೀಲು ಹೊತ್ತು ಸಿನಿಮಾ ತೋರಿಸುತ್ತಿದ್ದವನು. ಚರ್ಚಿನ ಗೋಡೆಗೆ ಅವನು ಅಂಟಿಸಿದ ಪೋಸ್ಟರಿನಲ್ಲಿ ಒಬ್ಬ ಮನುಷ್ಯ ಮಳೆಯಲ್ಲಿ ಗಂಟು ಹೊತ್ತು ನಿಂತಿದ್ದ. ಪಕ್ಕದ ಮನೆಯ ವಿನಿ ಗಾನ್, ನಮ್ಮೂರಿಗೆ ರೇಡಿಯೋ ಬರುವ ಮೊದಲಿನ ರೇಡಿಯೋ ಅವಳು, ಬೇಲಿಯ ಮೇಲಿಂದಲೇ ಕೂಗಿದಳು:

"ಸಬೀನಾ, ಲಂಡನ್ನಿನಲ್ಲಿ ನಮ್ಮ ಹುಡುಗ್ರು ಪಡೋ ಪಾಡಂತೆ ಕಣೇ ಸಿನಿಮಾ! ನಿನ್ನ ಮಗನೂ ಕಾಣಿಸ್ಬಹುದು!"

"ಕಾಣಿಸಿದ್ರೆ ಒಳ್ಳೇದೇ. ಪಿನ್ನು ಹಾಕ್ಕೊಂಡೇ ಇದಾನೋ ಇಲ್ವೋ ನೋಡಿದ ಹಾಗಾಗುತ್ತೆ" ಎಂದಳು ಸಬೀನಾ.

ಫೆಸ್ಟಿಯ ಕೈಯಲ್ಲಿದ್ದ ಹುಲ್ಲಿನ ಕವಲುಗೋಲು ಅಲ್ಲೇ ನೆಲಕ್ಕೆ ನೆಟ್ಟುಕೊಂಡಿತು. ಹೆಣ್ಣಿನ ವಿಷಯವಾಗಿದ್ದರೆ ತಾಯಿ ಒಂದು ವಾರ ಬೈದು ಸುಮ್ಮನಾಗುತ್ತಿದ್ದಳು. ಕಳ್ಳತನವಾಗಿದ್ದರೂ ಮಾಫಿಯಿತ್ತು. ಆದರೆ ಅವಳ ಕಣ್ಣೆದುರಿಗೆ, ಪಿನ್ನಿಲ್ಲದ ಕೋಟಿನಲ್ಲಿ, ಕೈಯಲ್ಲಿ ಬಾಟಲಿ! ಆರಿದ ಟೀ ಎಂದರೆ ಅವಳು ನಂಬಬೇಕಲ್ಲ? ಅವನಪ್ಪ ಹೆಂಡವನ್ನೇ ಆರಿದ ಟೀ ಎಂದು ಹೇಳಿ ಕುಡಿಯುತ್ತಿದ್ದ.

ನೆಟ್ಟಗೆ ಫಾದರ್ ಟಿಮ್ಲಿನ್ ಅವರ ಬಳಿಗೆ ಹೋದ. ನಿಜ ಹೇಳಲು ಬಾಯಿ ಬರಲಿಲ್ಲ.

"ಫಾದರ್, ಆ ಸಿನಿಮಾದಲ್ಲಿ ಒಂದು ಸೀನಿದೆ. ನಮ್ಮೂರ ಹೆಂಗಸ್ರು ನೋಡುವಂಥದ್ದಲ್ಲ."

"ಓಹೋ. ಎಲ್ಲಿ ಬರುತ್ತಪ್ಪ ಅದು?"

"ಜನ ಗೋಡೆಗೆ ಸಾಲಾಗಿ ನಿಂತಿರ್ತಾರೆ, ಮಳೆ ಬೀಳ್ತಿರುತ್ತೆ. ಒಬ್ಬ ತಿರುಗಿ ಹೋಗ್ತಾನೆ. ಅಲ್ಲಿಂದ ಮುಚ್ಚಿಬಿಡಿ."

"ನೀನು ಒಳ್ಳೇ ಕೆಲಸ ಮಾಡ್ದೆ ಕಣಪ್ಪ. ಅಂಥ ಊರಲ್ಲಿದ್ದೂ ನಿನ್ನ ಮನಸ್ಸು ಚೊಕ್ಕವಾಗಿದೆ" ಎಂದು ಫಾದರ್ ಬೆನ್ನು ತಟ್ಟಿದರು. ಟೋಪಿಯನ್ನು ಬ್ರಷ್ಷಿನಿಂದ ಉಜ್ಜಿ ತಯಾರು ಮಾಡಿಕೊಂಡರು.

ಆ ಸಂಜೆ ಹಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಸಬೀನಾ ಮುಂದಿನ ಬೆಂಚಿನಲ್ಲಿ, ಕರಿ ಶಾಲು ಹೊದ್ದು. ಫೆಸ್ಟಿ ಬಾಗಿಲ ಹತ್ತಿರ, ಓಡಿಹೋಗಲು ಅನುಕೂಲವಾಗಿ. ಸಿನಿಮಾ ಶುರುವಾಯಿತು. ಬಿಳಿಯ ಗುಡಿಸಲು, ಬಾಗಿಲಲ್ಲಿ ತಾಯಿ, ಮಗ ಹೊರಟು ನಿಂತಿದ್ದಾನೆ. ತಾಯಿ ಅಳುತ್ತಾಳೆ. ಸಮುದ್ರ ತೋರಿಸಿದರು, ಇನ್ನೂ ಅಳುತ್ತಾಳೆ. ಹಡಗು ಹೊರಟಿತು, ಆಗಲೂ ಅಳುತ್ತಿದ್ದಾಳೆ.

"ಅಷ್ಟು ಹೊತ್ತು ಅತ್ರೆ ಹಸು ಯಾರು ಕರೀತಾರೆ?" ಎಂದಳು ವಿನಿ.

"ಏಪ್ರನ್ ನೋಡೇ, ಒಂದು ಕಲೆ ಇಲ್ಲ! ಯಾವ ಮನೇಲಿ ಇಂಥ ಏಪ್ರನ್ ಇದೆ?" ಎಂದಳು ಅವಳ ಪಕ್ಕದವಳು.

"ಬಾಯ್ಮುಚ್ಚಿ, ನಂಗೆ ಅಳು ಬರ್ತಿದೆ" ಎಂದ ಹಿಂದಿನಿಂದ ಒಬ್ಬ ಮುದುಕ. ನಿಜವೂ ಹೌದು. ಬಯ್ಯುತ್ತಲೇ ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದರು. ಆ ಬೆಂಚುಗಳಲ್ಲಿ ಮಗನನ್ನೋ ಮಗಳನ್ನೋ ಆ ಬಸ್ಸಿಗೆ ಹತ್ತಿಸದವರು ಯಾರಿದ್ದರು?

ಗೋಡೆ ಬಂತು. ಮಳೆ ಬಂತು. ಫಾದರ್ ಕಣ್ಣು ಮುಚ್ಚಿಕೊಂಡು ಟೋಪಿ ಎತ್ತಿದರು. ಆದರೆ ಕಣ್ಣು ಮುಚ್ಚಿದ ಮನುಷ್ಯನಿಗೆ ಮಷೀನಿನ ಮೂತಿ ತಕ್ಷಣ ಸಿಗಬೇಕಲ್ಲ? ತಡವಾಯಿತು. ಫೆಸ್ಟಿಯ ಮುಖ ಬಾಗಿಲಿನಷ್ಟು ದೊಡ್ಡದಾಗಿ ಪರದೆಯ ಮೇಲೆ ಬಂದು ನಿಂತಿತು. "ಅಯ್ಯೋ ನಮ್ ಫೆಸ್ಟಿ!" ಎಂದು ಇಡೀ ಹಾಲು ಕೂಗುವುದಕ್ಕೂ ಮೂತಿಗೆ ಟೋಪಿ ಬೀಳುವುದಕ್ಕೂ ಸರಿಹೋಯಿತು. ಕತ್ತಲು.

ಕತ್ತಲಲ್ಲಿ ಸದ್ದು ಮುಂದುವರಿಯಿತು. ನಡೆಯುವ ಬೂಟಿನ ಸದ್ದು. ಬಾಗಿಲು ಕಿರುಗುಟ್ಟಿದ ಸದ್ದು. ಎಲ್ಲೋ ಒಬ್ಬ ಹೆಂಗಸಿನ ಕಿಲಕಿಲ ನಗು. ಆಮೇಲೆ ಗುಳುಗುಳು ಎಂದು ಏನೋ. ಆಮೇಲೆ ದೊಡ್ಡ ನಿಟ್ಟುಸಿರು. ಆ ನಗು ಮೇಲಿನ ಕಿಟಕಿಯಿಂದ ಯಾರೋ ನಕ್ಕಿದ್ದು, ನಿಟ್ಟುಸಿರು ಸ್ಟುಡಿಯೋದಲ್ಲಿ ಯಾರೋ ಬಿಟ್ಟಿದ್ದು ಎಂದು ಡೂನ್‌ಬ್ರಾನಿಗೆ ಹೇಗೆ ಗೊತ್ತಾಗಬೇಕು? ಟೋಪಿ ಬಿದ್ದಿತ್ತು, ಒಳಗೆ ಫೆಸ್ಟಿ ಇದ್ದ, ಹೆಂಗಸೊಬ್ಬಳು ನಕ್ಕಿದ್ದಳು. ಇನ್ನೇನು ಬೇಕು?

ಬೆಳಗಾಗುವಷ್ಟರಲ್ಲಿ ವಿನಿಯ ಬಾಯಲ್ಲಿ ಆ ಹೆಂಗಸಿಗೆ ಕೆಂಪು ಕೂದಲು ಬಂದಿತ್ತು. ಮಧ್ಯಾಹ್ನಕ್ಕೆ ಫ್ರೆಂಚ್ ಹೆಂಗಸಾದಳು. ಗಂಡಸರು ದಾರಿಯಲ್ಲಿ ಸಿಕ್ಕರೆ ಫೆಸ್ಟಿಗೆ ಟೋಪಿ ಎತ್ತಿ ನಮಸ್ಕಾರ ಮಾಡಿ, ಆ ಟೋಪಿಯನ್ನೇ ಮುಖಕ್ಕೆ ಮುಚ್ಚಿಕೊಳ್ಳುತ್ತಿದ್ದರು. ಸಬೀನಾ ಮಾತ್ರ ಆಲೂಗೆಡ್ಡೆ ಬೇಯಿಸಿ ಮಗನ ಮುಂದಿಟ್ಟಳು.

"ಅಮ್ಮ, ಹೆಂಗಸಿನ ವಿಷಯ ಅಲ್ಲ ಕಣಮ್ಮ."

"ಮತ್ತೆ?"

ಫೆಸ್ಟಿ ಬಾಯಿ ತೆರೆದ, ಆಲೂಗೆಡ್ಡೆ ತುಂಬಿಕೊಂಡ.

ಸಬೀನಾ ಶಾಲು ಹೊದ್ದು ನೇರ ಚರ್ಚಿಗೆ ನಡೆದಳು. ಫೆಸ್ಟಿ ಹಿಂದೆ ಹಿಂದೆ. ಫಾದರ್ ಅಂಗಳದಲ್ಲಿ ಗುಲಾಬಿ ಕತ್ತರಿಸುತ್ತಿದ್ದರು.

"ಏನ್ ಮಾಡ್ತಿದ್ದ ಫಾದರ್ ನನ್ನ ಮಗ?"

"ನಾನು ಕಣ್ಮುಚ್ಕೊಂಡಿದ್ದೆ ಸಬೀನಾ. ಹೆಂಗಸ್ರು ನೋಡಬಾರ್ದು ಅಂತ ಅವನೇ ಬಂದು ಹೇಳ್ದ."

ಇದನ್ನು ಕೇಳಿದ ಫೆಸ್ಟಿಗೆ ಆ ಗುಲಾಬಿ ಗಿಡದ ಬುಡದಲ್ಲೇ ತನ್ನನ್ನು ಹೂಳಿದರೆ ಸಾಕೆನಿಸಿತು. ಸಬೀನಾ ಮಗನ ಕಡೆಗೊಮ್ಮೆ ನೋಡಿದಳು.

"ಇವನನ್ನ ಹೆತ್ತೋಳು ನಾನು. ಇವನದ್ದು ನಾನು ನೋಡದೇ ಇರೋದು ಏನೂ ಇಲ್ಲ. ಆ ಮಾನಸ್ ಇನ್ನೂ ಹೊರಟಿಲ್ಲ, ವ್ಯಾನು ಕೆಟ್ಟು ನಿಂತಿದೆ. ನಂಗೆ ಆ ಸಿನಿಮಾ ಇನ್ನೊಂದ್ಸಲ ಹಾಕಿಸ್ಕೊಡಿ. ಟೋಪಿ ಮನೇಲಿ ಬಿಟ್ಬನ್ನಿ."

ಸಾಯಂಕಾಲಕ್ಕೆ ಮೊದಲೇ ಹಾಲಿನ ಕಿಟಕಿಗಳಿಗೆ ಕಂಬಳಿ ಹೊಡೆದರು. ಸಬೀನಾಳಿಗೆ ಮಾತ್ರವೆಂದು ಏರ್ಪಾಡು. ಆದರೆ ಒಬ್ಬ ಮರೆತುಹೋದ ಛತ್ರಿ ಹುಡುಕಲು ಬಂದ, ಇನ್ನೊಬ್ಬಳು ಬೆಂಚು ಒರೆಸಲು ಬಂದಳು, ವಿನಿ ಪ್ರಾರ್ಥನೆಗೆಂದು ಬಂದಳು. ರೀಲು ಸುತ್ತುವ ಹೊತ್ತಿಗೆ ಛತ್ರಿ ಹುಡುಕುವವರೇ ಹಾಲು ತುಂಬಿದ್ದರು. ಫೆಸ್ಟಿ ತಾಯಿಯ ಪಕ್ಕದಲ್ಲೇ ಕೂತ. ಓಡುವ ದಾರಿ ಇನ್ನಿರಲಿಲ್ಲ.

ಗೋಡೆ. ಮಳೆ. ಬೆರಳು. ಫೆಸ್ಟಿ ತಿರುಗಿ ನಡೆದ. ಒಂದು ಬಾಗಿಲ ಹತ್ತಿರ ನಿಂತ. ಕೋಟಿನ ಒಳಗಿಂದ ಬಾಟಲಿ ಹೊರಬಂತು.

ಸಬೀನಾಳ ಕೈ ಬೆಂಚಿನ ಅಂಚನ್ನು ಹಿಡಿದದ್ದು ಫೆಸ್ಟಿಗೆ ಕಂಡಿತು. ಅವನು ಪರದೆ ನೋಡಲಿಲ್ಲ, ಆ ಕೈಯನ್ನೇ ನೋಡಿದ. ಸಿನಿಮಾದೊಳಗೆ ದಪ್ಪ ದನಿಯೊಂದು, ಹುಟ್ಟಿದ ನೆಲ ತೊರೆದವನಿಗೆ ಇನ್ನು ಈ ಬಾಟಲಿಯೊಂದೇ ಬಂಧು ಎಂಬರ್ಥದಲ್ಲಿ ಏನೋ ಹೇಳಿತು.

ಆ ಕೈ ಅಲುಗತೊಡಗಿತು. ತಾಯಿ ಅಳುತ್ತಿದ್ದಾಳೆಂದುಕೊಂಡ. ತಿರುಗಿ ನೋಡಿದರೆ ಸಬೀನಾ ಶಾಲನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಾಳೆ!

"ನೋಡ್ರೇ! ನೋಡ್ರೇ, ಬಾಟಲಿ ಹೆಂಗೆ ಹಿಡ್ಕೊಂಡಿದಾನೆ ನೋಡ್ರೇ!"

ಎಲ್ಲರೂ ನೋಡಿದರು. ಪರದೆಯ ಮೇಲೆ ಫೆಸ್ಟಿ ಒಂದು ಮೊಣಕಾಲು ಮುಂದೆ ಬಗ್ಗಿಸಿ, ಎಡಗೈಯನ್ನು ಯಾವುದೋ ಕಾಣದ ಕುತ್ತಿಗೆಯ ಸುತ್ತ ಬಳಸಿದಂತೆ ಮಡಿಸಿಕೊಂಡು, ತೊಟ್ಟು ಕಿತ್ತುಹೋಗದಂತೆ ಬಾಟಲಿಯ ಕತ್ತನ್ನು ಎರಡು ಬೆರಳಲ್ಲಿ ಬಿಗಿಹಿಡಿದು, ಬಾಟಲಿಯನ್ನು ಕೆಳಮುಖವಾಗಿ ಬಗ್ಗಿಸಿದ್ದ. ಲಂಡನ್ನಿನ ಆ ಮಳೆಯಲ್ಲಿ, ಆ ಬಾಗಿಲಲ್ಲಿ, ಒಂದು ಕುರಿಮರಿ ಬಂದು ಬಾಯಿ ಹಾಕಲೆಂದು ಕಾಯುತ್ತಿದ್ದ. ಟೀ ನೆಲಕ್ಕೆ ಸುರಿಯುತ್ತಿತ್ತು. ಗುಳುಗುಳು ಎಂದದ್ದು ಅದೇ.

ಹಿಂದಿನ ಬೆಂಚಿನಿಂದ ಯಾರೋ "ಮೇ..." ಎಂದರು.

ಆಮೇಲೆ ಹಾಲಿನ ಸೂರು ಹಾರಿಹೋಗಿ ಕೊಲ್ಲಿಯಲ್ಲಿ ಬಿತ್ತು. ಮಾರನೆ ದಿನ ದೋಣಿಯಲ್ಲಿ ಹೋಗಿ ಎಳೆದು ತಂದೆವು. ನಗಬೇಡ, ಮೊಳೆ ಹೊಡೆದ ಗುರುತು ಈಗಲೂ ಇದೆ. ಫಾದರ್ ಟಿಮ್ಲಿನ್ ಕೂಡ ಕಣ್ಣು ಬಿಟ್ಟು ನೋಡಿ, ಮಷೀನಿಗೆ ಒರಗಿಕೊಂಡು ನಕ್ಕರು. "ಕುಡುಕ ಹಿಡಿಯೋ ಹಿಡಿತ ನಂಗೊತ್ತಿಲ್ವಾ? ಇವನಪ್ಪನ ಜೊತೆ ಬಾಳಿದ್ದೀನಿ ನಾನು. ಇದು ಕುಡುಕನ ಕೈಯಲ್ಲ" ಎಂದು ಸಬೀನಾ ಊರಿಗೆಲ್ಲ ಕೇಳುವಂತೆ ಹೇಳಿದಳು.

"ಹಾಗಾದ್ರೆ ಫ್ರೆಂಚ್ ಹೆಂಗಸೆಲ್ಲಿ?" ಎಂದಳು ವಿನಿ, ತುಂಬ ಬೇಸರದಿಂದ.

ಜನವೆಲ್ಲ ನಕ್ಕು ಸುಸ್ತಾಗಿ ಏಳುವಾಗ ಸಬೀನಾ ಮಾನಸನಿಗೆ, "ಇನ್ನೊಂದ್ಸಲ ಹಾಕಪ್ಪ" ಎಂದಳು. ಹಾಕಿದ. ಈ ಸಲ ಬಾಟಲಿ ಬಂದಾಗ ಅವಳು ನಗಲಿಲ್ಲ. ಅದಕ್ಕೆ ಮೊದಲು ಬಂದದ್ದನ್ನು ನೋಡಿದ್ದಳು. ಬೆರಳು ಫೆಸ್ಟಿಯ ಎಡಗಡೆಯವನ ಮೇಲೆ ಬಿತ್ತು, ಬಲಗಡೆಯವನ ಮೇಲೆ ಬಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಕೇಳಿದಳು. "ಆ ಬೆರಳು ಬೆಟ್ಟದಾಚೆ ಊರಿನವನದ್ದು ಅಲ್ವಾ? ಅವನಮ್ಮನ ಮೂಗೇ ಅವನಿಗೆ."

"ಹೂಂ ಅಮ್ಮ."

"ನಟನೆ ಮಾಡ್ತಿರ್ಲಿಲ್ಲ ಅವನು."

"ಇಲ್ಲಮ್ಮ."

"ನಿನ್ನ ಮೇಲೆ ಯಾಕೆ ಬೀಳಲ್ಲ ಅದು? ನಿನ್ನ ತೋಳಿಗೇನಾಗಿದೆ?"

ಫೆಸ್ಟಿ ಪಬ್ಬಿನ ಶುಕ್ರವಾರ, ಪಾನಕದ ಗ್ಲಾಸು ಎಲ್ಲ ಹೇಳಿದ. ಬಾಟಲಿಯ ಗುಟ್ಟೇ ಹೋದ ಮೇಲೆ ಇದನ್ನು ಮುಚ್ಚಿಡುವುದಕ್ಕೆ ಕಾರಣವಿರಲಿಲ್ಲ. ಸಬೀನಾ ರಸ್ತೆಯ ನಡುವೆ ನಿಂತಳು. ಕೊಲ್ಲಿಯ ಗಾಳಿ ಶಾಲನ್ನು ಎಳೆಯುತ್ತಿತ್ತು.

"ಅಂದ್ರೆ ನಾನು ಚುಚ್ಚಿದ ಪಿನ್ನಿಗೆ ನಿನ್ನ ಕೆಲಸ ಹೋಗ್ತಿದೆ."

"ಎಲ್ಲಾ ಸೋಮವಾರಾನೂ ಅಲ್ಲಮ್ಮ."

"ಬೇಕಾದ್ರೆ ಬಿಚ್ಚಿಡು. ನಾನು ಏನೂ ಅನ್ನಲ್ಲ."

ಅವಳಿಗೆ ಅಷ್ಟು ಹೇಳಲು ಎಷ್ಟು ಕಷ್ಟವಾಯಿತೆಂದು ಫೆಸ್ಟಿಗೆ ಗೊತ್ತಿತ್ತು. ಕೋಟಿನ ಒಳಮೈಯಿಂದ ಪಿನ್ನು ತೆಗೆದ. ಸಿನಿಮಾದವರು ತೆಗೆಸಿದಾಗಿನಿಂದ ನಾಚಿಕೆಯಾಗಿ ಅದನ್ನು ಅಲ್ಲೇ ಬಿಟ್ಟಿದ್ದ; ಹುಲ್ಲಿನ ಕಾಲದಲ್ಲಿ ಕೋಟು ಹಾಕದೆ ತಿರುಗಿದ್ದರಿಂದ ತಾಯಿಗೂ ತಿಳಿದಿರಲಿಲ್ಲ. ಹೊರಗೆ, ಎದೆಯ ಮೇಲೆ ಚುಚ್ಚಿಕೊಂಡ.

"ಬೇಡಮ್ಮ. ಈ ಗಾಳಿಗೆ ಪಿನ್ನಿಲ್ದಿದ್ರೆ ಕೋಟು ಹಾರಿಹೋಗುತ್ತೆ. ನಾನು ಬೇರೆ ಗೋಡೆ ನೋಡ್ಕೋತೀನಿ."

ಹಾಗೆಯೇ ಮಾಡಿದ. ಆ ಸಲ ಹೋದವನು ಕ್ಯಾಮ್ಡೆನ್ನಿನ ಗೋಡೆಗೆ ನಿಲ್ಲಲಿಲ್ಲ. ಅಂಥದೇ ಪಿನ್ನು ಹಾಕಿದ ಇನ್ನೊಬ್ಬ ಮೇಸ್ತ್ರಿಯನ್ನು ಹುಡುಕಿಕೊಂಡು ಲಂಡನ್ನಿನ ಆಚೆ ತುದಿಗೆ ಹೋದ. ಅಲ್ಲಿ ಸಂಬಳ ಕಡಿಮೆ, ಮೇಸ್ತ್ರಿ ಮಹಾ ಕೊರೆತದವನು, ಜಪಮಣಿ ಹಿಡಿದೇ ಗುಂಡಿ ಅಳೆಯುತ್ತಿದ್ದ. ಆದರೆ ಬೆರಳು ದಾಟಿಹೋಗುತ್ತಿರಲಿಲ್ಲ. ಹೊರಡುವ ದಿನ ಬಸ್ಸಿನ ಹತ್ತಿರ ಸಬೀನಾ ಅಳಲಿಲ್ಲ. ಹಸು ಕರೆಯುವುದಿತ್ತು. "ಇನ್ನೊಂದ್ಸಲ ಸಿನಿಮಾದವರು ಬಂದ್ರೆ, ಕುರಿಮರೀನೂ ಕೊಡಿ ಅಂತ ಕೇಳೋ" ಎಂದಷ್ಟೇ ಹೇಳಿ, ಏಪ್ರನ್ನಿಗೆ ಕೈ ಒರೆಸಿಕೊಂಡು ತಿರುಗಿದಳು. ಏಪ್ರನ್ ತುಂಬ ಕಲೆ.

ಬೆನ್ನು ಬಗ್ಗಿದ ಮೇಲೆ ಫೆಸ್ಟಿ ಇಲ್ಲಿಗೇ ಬಂದು ಕುರಿ ಸಾಕಿದ. ಈಗಲೂ ಚಳಿಗಾಲದಲ್ಲಿ ಟೀವಿಯವರು ಆ ಸಿನಿಮಾ ಹಾಕುತ್ತಾರೆ. ಡಬ್ಲಿನ್ನಿನ ಯಾರೋ ದೊಡ್ಡವರು ಬಂದು, ಆ ಬಾಟಲಿಯ ದೃಶ್ಯದಲ್ಲಿ ನಮ್ಮವರ ನೋವೆಲ್ಲ ಇದೆ ಎಂದು ಹೇಳುತ್ತಾರೆ. ಅವರು ಹೇಳುವುದೂ ತಪ್ಪೇನಲ್ಲ, ಸ್ವಲ್ಪ ಮುಂಚಿನ ಆ ಬೆರಳನ್ನು ನೋಡಿದ್ದರೆ ಇನ್ನೂ ಸರಿಯಾಗುತ್ತಿತ್ತು. ಆದರೆ ಡೂನ್‌ಬ್ರಾನಿನಲ್ಲಿ ಬಾಟಲಿ ಹೊರಬಂದ ಕೂಡಲೇ ಪ್ರತಿ ಮನೆಯಿಂದಲೂ "ಮೇ..." ಎಂದು ಕೂಗು ಏಳುತ್ತದೆ. ಬೆಟ್ಟದ ಮೇಲಿನ ಕುರಿಗಳೆಲ್ಲ ಗಾಬರಿಯಾಗಿ ಇಳಿದು ಬಂದು ಕಿಟಕಿಯಲ್ಲಿ ಟೀವಿ ನೋಡುತ್ತವೆ. ಒಂದು ಕುರಿಯಂತೂ, ಫೆಸ್ಟಿ ಸತ್ತ ವರ್ಷ...

"ತಾತಾ! ಎಷ್ಟ್ ಸಲ ಕರೀಬೇಕು? ಆಲೂಗೆಡ್ಡೆ ಆರ್ತಿದೆ, ಎಲೆಕೋಸು ಮುದ್ದೆ ಆಯ್ತು!"

ಬಂದೆ, ಬಂದೆ ಕಣವ್ವ. ನೀನು ಕೇಳಯ್ಯ, ಟೋಪಿಯ ಮೇಲೆ ನಿನಗಿನ್ನೂ ಅನುಮಾನವಿದ್ದರೆ, ಅದು ಚರ್ಚಿನ ಬಾಗಿಲ ಹಿಂದಿನ ಮೊಳೆಯಲ್ಲೇ ತೂಗುತ್ತಿದೆ, ಹೋಗಿ ಅಳೆದುಕೋ. ಕಿವಿಗೆ ಹತ್ತಿರ ಮಾತ್ರ ಹಿಡಿಯಬೇಡ, ಒಳಗೆ ಇನ್ನೂ ಯಾರೋ ಮುತ್ತಿಡುತ್ತಿರುತ್ತಾರೆ. ಬೆಣ್ಣೆ ಎಲ್ಲಿಟ್ಟಿದ್ದೀಯೇ?